ಮುಗಿಲು ನೋಡುವ ಮೆಣಸು

ಇಂದು ಬೆಳಿಗ್ಗೆ ಅಮ್ಮ ಆ ಮೆಣಸಿನಕಾಯಿ ಹುರಿದಳು. ಸಂತೆಯ ಮೆಣಸಿನ ಘಾಟಲ್ಲ ಅದು. ಹುರಿಗಡಲೆಯಂಥ ಕಂಪು ಮೊದಲು, ಕೆಮ್ಮು ಆಮೇಲೆ. ಓದುತ್ತಿದ್ದ ಪುಸ್ತಕ ಮುಚ್ಚಿ ಹಿತ್ತಿಲಿಗೆ ಎದ್ದುಹೋದೆ. ಅಲ್ಲಿಯೂ ಅದೇ ಗಿಡ… ಕಾಯಿಗಳೆಲ್ಲ ತೊಟ್ಟಿನ ಮೇಲೆ ನೆಟ್ಟಗೆ ನಿಂತು ಮುಗಿಲು ನೋಡುತ್ತಿದ್ದವು.

ಬೀಜ ಕೊಟ್ಟವನು ಭದ್ರಾವತಿಯ ನಮ್ಮ ಎದುರುಮನೆಯ ಮಹಡಿಯಲ್ಲಿದ್ದ, ಚೀನಾದಿಂದ ಬಂದ ಬಟ್ಟೆ ವ್ಯಾಪಾರಿ. ಸೈಕಲ್ಲಿಗೆ ರೇಷ್ಮೆಯ ಗಂಟು ಕಟ್ಟಿಕೊಂಡು ಶಿವಮೊಗ್ಗದವರೆಗೆ ಮಾರಿ ಬರುತ್ತಿದ್ದ. ಅಮ್ಮನಿಗೆ ಅವನು ‘ರೇಷ್ಮೆಯಣ್ಣ’. ತಾರಸಿಯ ಮೇಲೆ ಡಬ್ಬಗಳಲ್ಲಿ ತನ್ನೂರಿನ ಮೆಣಸು ಬೆಳೆಸಿದ್ದ.

“ನಮ್ಮ ಮೆಣಸು ತಲೆ ತಗ್ಗಿಸ್ಕೊಂಡು ಇರತ್ತೆ. ನಿಮ್ಮೂರ ಮೆಣಸಿಗೆ ಎಷ್ಟು ಪೊಗರು ಮಾರಾಯ!” ಎಂದಿದ್ದಳು ಅಮ್ಮ.

“ಖಾರ ಕಮ್ಮಿ ಅಮ್ಮ, ಪೊಗರು ಜಾಸ್ತಿ. ನಿಮ್ಮ ಮಗ ಹಂಗೆ,” ಎಂದು ನಕ್ಕಿದ್ದ.

ಆ ಮಗ ನಾನು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವನು, ಎಲ್ಲರಿಂದಲೂ ಉತ್ತರ ಕೇಳುವುದೇ ವಿದ್ಯೆಯೆಂದು ನಂಬಿದ್ದವನು. ಯುದ್ಧಕಾಲ. ಕಬ್ಬಿಣದ ಕಾರ್ಖಾನೆಯ ಮೇಲೆ ಜಪಾನಿನ ವಿಮಾನ ಬಂದೀತೆಂಬ ಭಯ ಊರಿನಲ್ಲಿತ್ತು. ನಾವು ಕೆಲವು ತರುಣರು ಬೀದಿ ಕಾಯುವ ಪಡೆ ಕಟ್ಟಿದ್ದೆವು. ಒಂದು ಸಂಜೆ ಎತ್ತರದ ಮಾಳಿಗೆಯಿಂದ ನೋಡುತ್ತಿದ್ದಾಗ ಅವನ ತಾರಸಿ ಕಣ್ಣಿಗೆ ಬಿತ್ತು: ಬಿಳಿ ಬಟ್ಟೆ, ನಡುವೆ ದುಂಡಗೆ ಕೆಂಪು. ಜಪಾನಿನ ಬಾವುಟ!

ಓಡಿಹೋದೆವು. ಹತ್ತಿರದಿಂದ ಅದು ಮೆಣಸಿನಕಾಯಿಯೆಂದು ನನಗೆ ಕಂಡಿತು. ಕಂಡೂ… ಬೆನ್ನ ಹಿಂದೆ ಹತ್ತು ಜನ ನಿಂತಿದ್ದರು, ನಾನು ಸುಮ್ಮನಾಗಲಿಲ್ಲ.

“ಮೆಣಸು ಬರೀ ನೆಪ! ವಿಮಾನಕ್ಕೆ ಗುರುತು ಹಾಕಿದೀಯ. ಉತ್ತರ ಹೇಳು!”

“ಜಪಾನಾ? ನಮ್ಮೂರು ಸುಟ್ಟಿದ್ದೇ ಅವರು ಸ್ವಾಮಿ… ಇದು ಹಿಂಗೆ ಗುಡ್ಡೆ ಮಾಡು ಅಂತ…” ಎಂದವನು ನನ್ನ ಮುಖ ನೋಡಿ ಉಳಿದ ಮಾತು ನುಂಗಿಕೊಂಡ. ಪೊಲೀಸರು ಬಂದರು. ಮರುದಿನವೇ ಊರು ಬಿಡಬೇಕೆಂದು ಅಪ್ಪಣೆಯಾಯಿತು.

ಮನೆಗೆ ಬಂದಾಗ ಅಮ್ಮ ಕೇಳಿದಳು: “ರೇಷ್ಮೆಯಣ್ಣಂಗೆ ಮೆಣಸು ಒಣಗಿಸೋಕೆ ನಿಮ್ಮಪ್ಪನ ಪಂಚೆ ಕೊಟ್ಟಿದ್ದೆ. ಬಿಸಿಲು ಇಳಿದ್ಮೇಲೆ ನಡುವೆ ದುಂಡಗೆ ಗುಡ್ಡೆ ಮಾಡು, ಇಬ್ಬನಿ ಹಿಡಿಯಲ್ಲ ಅಂದಿದ್ದೆ. ಮಾಡಿದ್ನಾ?”

ಆಗಲೂ ಸಮಯವಿತ್ತು. ಠಾಣೆಗೆ ಹೋಗಿ, ಅದು ನಮ್ಮ ಮನೆಯ ಪಂಚೆ, ನಮ್ಮಮ್ಮ ಕಲಿಸಿದ ಗುಡ್ಡೆ ಎಂದಿದ್ದರೆ ಸಾಕಿತ್ತು. ಅವನು ಅಮ್ಮನನ್ನು ಹೆಸರಿಸದೆ ನಮ್ಮ ಮನೆಯ ಮಾನ ಉಳಿಸಿದ್ದ. ನಾನು ಬಾಯಿ ತೆರೆಯದೆ ನನ್ನದೊಂದನ್ನೇ ಉಳಿಸಿಕೊಂಡೆ.

ಬೆಳಿಗ್ಗೆ ಅವನು ಗಂಟು ಕಟ್ಟಿದ ಸೈಕಲ್ಲನ್ನು ತಳ್ಳಿಕೊಂಡು ಶಿವಮೊಗ್ಗದ ಕಡೆ ಹೊರಟ. ದೂರದಿಂದ ಹಿಂಬಾಲಿಸಿ ಮಲವಗೊಪ್ಪದವರೆಗೆ ಹೋದೆ. ಕರೆಯಲಿಲ್ಲ. ತಿರುಗಿ ಬಂದೆ. ಎಲ್ಲಿದ್ದಾನೋ… ಇದ್ದಾನೋ ಇಲ್ಲವೋ…

ಆಮೇಲೆ ಎಷ್ಟೋ ಲೇಖನಗಳಲ್ಲಿ ಅಧಿಕಾರಿಗಳನ್ನೂ ಧಣಿಗಳನ್ನೂ ಉತ್ತರ ಕೊಡಿ ಎಂದು ನಿಲ್ಲಿಸಿದ್ದೇನೆ. ಇಲ್ಲಿ ನಿಲ್ಲಬೇಕಾದವನು ನಾನು.

ಅಮ್ಮ ಆ ಪಂಚೆಯನ್ನು ಮತ್ತೆಂದೂ ಕೇಳಲಿಲ್ಲ. ಅವಳಿಗೇನೂ ಗೊತ್ತಿಲ್ಲವೆಂದೇ ನಂಬಿದ್ದೆ. ಇಂದು ಸಂಜೆ ಅಂಗಳದಲ್ಲಿ ಬಿಳಿ ಬಟ್ಟೆಯ ಮೇಲೆ ಹಣ್ಣು ಮೆಣಸು ಒಣಗುತ್ತಿತ್ತು.

“ಬಿಸಿಲು ಇಳೀತಮ್ಮ. ಗುಡ್ಡೆ ಮಾಡ್ಲಾ?” ಎಂದೆ.

“ಉದ್ದಕ್ಕೆ ಮಾಡು,” ಎಂದಳು, ನನ್ನತ್ತ ನೋಡದೆ. “ದುಂಡಗೆ ಮಾಡೋದು ಬಿಟ್ಟು ಬಹಳ ದಿನ ಆಯ್ತು ಮಾರಾಯ.”