ಓದಿ ಹೇಳಿ ಒತ್ತಿಸಿದ ಗುರುತು

ನನ್ನ ಸಹಿ ಚಂದ ಇತ್ತು. ಜಂಬಕ್ಕೆ ಹೇಳುತ್ತಿಲ್ಲ, ಆಗ ಎಷ್ಟು ಜಂಬ ಇತ್ತು ಎಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ. ಮದುವೆಗೆ ಮೊದಲು ಮೂಡಬಿದಿರೆಯ ಹತ್ತಿರ, ಮಿಜಾರಿನ ಕಡೆಯ ನನ್ನ ತವರಿನಲ್ಲಿ ಎರಡು ವರ್ಷ ಶಾಲೆಯಲ್ಲಿ ಕಲಿಸಿದ್ದೆ. ಮದುವೆಯಾಗಿ ಬೆಳ್ತಂಗಡಿಗೂ ಬಂಟ್ವಾಳಕ್ಕೂ ನಡುವಿನ ಈ ಊರಿಗೆ ಬಂದಾಗ ಕೆಲಸ ಬಿಟ್ಟೆ, ಹೆಸರು ಮಾತ್ರ ನನ್ನನ್ನು ಬಿಡಲಿಲ್ಲ. ಮನೆಯ ಆಳುಗಳಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ ಎಲ್ಲರಿಗೂ ನಾನು ಟೀಚರಮ್ಮ. ಅರವತ್ತರ ದಶಕದ ಆರಂಭದಲ್ಲಿ, ಹೊಸ ಪಂಚಾಯತಿನಲ್ಲಿ ಇಬ್ಬರು ಹೆಂಗಸರು ಇರಲೇಬೇಕೆಂದು ಕಾನೂನು ಬಂತು. ಊರಿನ ಗಂಡಸರು ತಲೆ ಕೆರೆದುಕೊಂಡು ಇಬ್ಬರನ್ನು ಹುಡುಕಿದರು: ಓದು ಬಲ್ಲವಳೆಂದು ನನ್ನನ್ನು, ಬಾಯಿ ಇಲ್ಲದವಳೆಂದು ಅಕ್ಕನನ್ನು. ಅವರ ಎರಡೂ ಲೆಕ್ಕ ತಪ್ಪಿತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ, ಊರಿಗೆಲ್ಲ ಅಕ್ಕ. ಐವತ್ತು ದಾಟಿದ ವಿಧವೆ. ನಮ್ಮ ಮನೆಯ ಕೆಳಗೆ ಒಂದು ತೋಡು ಹರಿಯುತ್ತದೆ, ಅದರ ಆಚೆಗೆ ಸುಮಾರು ಮೂವತ್ತು ಮನೆಗಳ ಬೈಲು. ಅಲ್ಲಿ ಪಂಚಾಯತಿನ ಛೇರ್ಮನ್ನರ ಜಾಗದಲ್ಲೇ ಗೇಣಿಗೆ ಇದ್ದುಕೊಂಡು, ಉಳಿದ ಹೊತ್ತು ಬೀಡಿ ಕಟ್ಟುತ್ತಿದ್ದರು. ಧಣಿಗಳ ಒಕ್ಕಲು ಧಣಿಗಳ ಮಾತು ಮೀರುವುದುಂಟೇ ಎಂಬುದು ಊರವರ ಧೈರ್ಯ.

ಪಂಚಾಯತು ಆಫೀಸೆಂದರೆ ಆಗ ಸೊಸೈಟಿಯ ಪಕ್ಕದ ಒಂದು ಕೋಣೆ, ಮುಂದೆ ಹಂಚಿನ ಜಗಲಿ, ಅದರ ಮುಂದೆ ಅಂಗಳ. ಮೀಟಿಂಗಿಗೆ ಗಂಡಸರು ಹೋಗುತ್ತಿದ್ದರು. ನಾವು ಬರಬೇಕೆಂದು ಯಾರೂ ಹೇಳಲಿಲ್ಲ, ಬರಬಾರದೆಂದೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಜವಾನ ನಡಾವಳಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬರುತ್ತಿದ್ದ. ಮೀಟಿಂಗಿನಲ್ಲಿ ಆದ ಠರಾವುಗಳೆಲ್ಲ ಅದರಲ್ಲಿ ಬರೆದಿರುತ್ತಿದ್ದವು, ಕೆಳಗೆ ಮೆಂಬರುಗಳ ಸಹಿ. "ಟೀಚರಮ್ಮ, ಇಲ್ಲೊಂದು, ಇಲ್ಲೊಂದು" ಎಂದು ಬೆರಳಿಟ್ಟು ತೋರಿಸುತ್ತಿದ್ದ. ಕಾವಲಿಯ ಮೇಲೆ ದೋಸೆ ಇರುತ್ತಿತ್ತು. ಅದು ಸೀಯುವ ಮೊದಲು ಎರಡೂ ಕಡೆ ಸಹಿ ಎಳೆದು, ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ತಿರುಗಿಸಿ, ಕೆಳಗೊಂದು ಗೆರೆ ಹಾಕಿ ಕೊಡುತ್ತಿದ್ದೆ. ಓದಿದ್ದು ಒಂದು ಸಲವೂ ಇಲ್ಲ. ಛೇರ್ಮನ್ನರು ದೊಡ್ಡ ಮನೆತನದವರು, ಮರ್ಯಾದಸ್ಥರು. ಅವರು ಒಪ್ಪಿದ್ದನ್ನು ನಾನು ದೋಸೆ ಸೀಯಿಸಿಕೊಂಡು ಓದಬೇಕೇ?

ಮೊದಲ ತಿಂಗಳು ಅದೇ ಜವಾನ ನಮ್ಮಲ್ಲಿಂದ ತೋಡಿನ ಮೇಲಿನ ಮರದ ಸಂಕ ದಾಟಿ ಅಕ್ಕನ ಮನೆಗೆ ಹೋದ. ಹೆಬ್ಬೆಟ್ಟು ಒತ್ತಲು ಶಾಯಿಯ ಪ್ಯಾಡನ್ನೂ ಹಿಡಿದುಕೊಂಡಿದ್ದ.

"ಓದಿ ಹೇಳು" ಎಂದರಂತೆ ಅಕ್ಕ.

"ನನಗೆ ಓದ್ಲಿಕ್ಕೆ ಬರುವುದಿಲ್ಲ ಅಕ್ಕ."

"ನನಗೂ ಬರುವುದಿಲ್ಲ. ಮತ್ತೆ ನಾವಿಬ್ಬರೂ ಸೇರಿ ಇಲ್ಲಿ ಎಂತ ಮಾಡುವುದು ಮಾರಾಯ?"

ಪುಸ್ತಕ ಹಾಗೆಯೇ ವಾಪಸು ಹೋಯಿತು. ಮುಂದಿನ ಮೀಟಿಂಗಿಗೆ ಅಕ್ಕ ತಾವೇ ಬಂದರು. ತಲೆಯ ಮೇಲೆ ಮೊರ, ಮೊರದಲ್ಲಿ ಬೀಡಿಯ ಎಲೆ, ಹೊಗೆಸೊಪ್ಪಿನ ಹುಡಿ, ನೂಲು, ಕತ್ತರಿ. ಕುರ್ಚಿಯಲ್ಲಿ ಕೂರಲಿಲ್ಲ. ಹೊಸ್ತಿಲ ಹತ್ತಿರ ಕೂತು ಬೀಡಿ ಕಟ್ಟುತ್ತಲೇ ಎಲ್ಲ ಕೇಳಿಸಿಕೊಂಡರು. ಕೊನೆಗೆ ಪುಸ್ತಕ ಮುಂದೆ ಬಂದಾಗ "ಓದಿ" ಎಂದರು.

ಸೆಕ್ರೆಟರಿ ಸಣ್ಣ ಪ್ರಾಯದವರು, ಅವಸರದ ಮನುಷ್ಯ. "ಇದರಲ್ಲಿ ಓದ್ಲಿಕ್ಕೆ ಎಂತ ಉಂಟು ಅಕ್ಕ? ಎಲ್ಲರೂ ಸಹಿ ಹಾಕಿ ಆಯ್ತಲ್ಲ" ಎಂದರು.

"ನಮ್ಮ ಮನೆಯವರು ರಿಜಿಸ್ಟ್ರಿ ಆಫೀಸಿನಲ್ಲಿ ಗೇಣಿಚೀಟಿಗೆ ಹೆಬ್ಬೆಟ್ಟು ಒತ್ತುವಾಗ ನಾನು ಹತ್ತಿರವೇ ಇದ್ದೆ. ಬರೆದವರು ಮೊದಲಿಂದ ಕೊನೆವರೆಗೆ ಓದಿ ಹೇಳಿದ್ರು. ಆಮೇಲೆ 'ಓದಿ ಹೇಳಿ ಒತ್ತಿಸಿದ ಗುರುತು' ಅಂತ ಬರೆದು ಅವರೂ ಸಹಿ ಹಾಕಿದ್ರು. ಇಲ್ಲಿ ಆ ಕ್ರಮ ಇಲ್ವಾ? ನಾನು ಕಟ್ಟಿದ ಬೀಡಿಯನ್ನು ಕಂಟ್ರಾಕ್ಟ್ರು ಒಂದೊಂದಾಗಿ ನೋಡಿ, ಸರಿ ಇಲ್ಲದ್ದನ್ನು ಬಿಸಾಡಿಯೇ ತಗೊಳ್ಳುವುದು. ನಿಮ್ಮ ಠರಾವನ್ನು ಮಾತ್ರ ನಾನು ನೋಡದೆ ತಗೊಳ್ಬೇಕಾ?"

ಛೇರ್ಮನ್ನರು ನಕ್ಕುಬಿಟ್ಟರು. "ಓದಿ ಮಾರಾಯ್ರೆ, ಒಂದು ನಿಮಿಷದ ಕೆಲಸ."

ಒಂದು ನಿಮಿಷ ಎಲ್ಲಿಂದ? ಸೆಕ್ರೆಟರಿ ಗಡಗಡ ಓದಿ ಮುಗಿಸಿದರೆ ಅಕ್ಕ ಶಾಂತವಾಗಿ "ಇನ್ನು ತುಳುವಿನಲ್ಲಿ ಹೇಳಿ" ಎಂದರು. 'ಸದರಿ', 'ಮೇಲ್ಕಾಣಿಸಿದ', 'ತತ್ಸಂಬಂಧವಾಗಿ' ಇವನ್ನೆಲ್ಲ ತುಳುವಿಗೆ ತರುವಷ್ಟರಲ್ಲಿ ಆ ಪ್ರಾಣಿಗೆ ಬೆವರು ಕಿತ್ತುಬಂತಂತೆ. ಮರುದಿನ ಜವಾನ ಇದನ್ನೆಲ್ಲ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಭಿನಯಿಸಿ ತೋರಿಸಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಕ್ಕು, ಓದದೆ ಸಹಿ ಹಾಕಿದೆ.

ಅಂದಿನಿಂದ ಪ್ರತಿ ಮೀಟಿಂಗಿನಲ್ಲೂ ಓದು ನಡೆಯಿತು. ಸೊಸೈಟಿಗೆ ಸಕ್ಕರೆ, ಚಿಮಿಣಿ ಎಣ್ಣೆಗೆಂದು ಬಂದವರು ಅಂಗಳದಲ್ಲಿ ಕೂತು ಕೇಳತೊಡಗಿದರು. ಯಾವ ಬಾವಿ ರಿಪೇರಿ, ಯಾವ ದಾರಿಗೆ ಮಣ್ಣು ಎಂದು ಊರಿಗೆಲ್ಲ ಗೊತ್ತಾಗತೊಡಗಿತು. ಪಂಚಾಯತು ಒಳಗೆ ಎಂತ ಮಾಡುತ್ತದೆ ಎಂದು ಅದಕ್ಕೆ ಮೊದಲು ಯಾರಿಗೆ ಗೊತ್ತಿತ್ತು? ಮೆಂಬರಾದ ನನಗೇ ಗೊತ್ತಿರಲಿಲ್ಲ.

ಮರುವರ್ಷದ ಬೇಸಗೆಯಲ್ಲಿ ಅಕ್ಕ ಮಗಳ ಬಾಣಂತನಕ್ಕೆ ಕಕ್ಕಿಂಜೆಗೆ ಹೋದರು. ಆ ತಿಂಗಳ ಮೀಟಿಂಗಿನಲ್ಲಿ ಓದಿಸುವವರಿಲ್ಲ, ಆದ್ದರಿಂದ ಓದೂ ಇಲ್ಲ. ಮರುದಿನ ಜವಾನ ಬಂದ, ನಾನು ಸಹಿ ಹಾಕಿದೆ. ವಾರ ಕಳೆದು ಅಕ್ಕ ಊರಿಗೆ ಬಂದದ್ದು ತಿಳಿದು ಅವರ ಮನೆಗೂ ಪುಸ್ತಕ ಹೋಯಿತು. ಸೆಕ್ರೆಟರಿ ರಜೆಯಲ್ಲಿದ್ದರು. ಅಕ್ಕ ಪುಸ್ತಕವನ್ನು ತಾವೇ ಎತ್ತಿಕೊಂಡು, ಜವಾನನನ್ನು ಹಿಂದಿನಿಂದ ನಡೆಸಿಕೊಂಡು, ಸಂಕ ದಾಟಿ ನೇರ ನನ್ನಲ್ಲಿಗೆ ಬಂದರು.

"ಟೀಚರೇ, ನೀವೇ ಓದಿ ಹೇಳಿ. ಒತ್ತಿ ಕೊಡ್ತೇನೆ, ಪಾಪ ಇವ ನಡೆದು ನಡೆದು ಸಾಯ್ತಾನೆ."

ನನಗೆ ಖುಷಿಯೋ ಖುಷಿ. ಜಗಲಿಯಲ್ಲಿ ಚಾಪೆ ಹಾಸಿ ಕೂತು, ಕನ್ನಡಕ ಏರಿಸಿ, ಹಳೆಯ ಕ್ಲಾಸಿನ ಸ್ವರ ತೆಗೆದೆ. ಮೊದಲನೆಯ ಠರಾವು ಯಾವುದೋ ಬಾವಿಯದು. ಎರಡನೆಯದು ಶುರುವಾಯಿತು: ಆಡಳಿತದ ಅನುಕೂಲಕ್ಕಾಗಿ ಪಂಚಾಯತುಗಳ ಸರಹದ್ದು ಬದಲಿಸಬೇಕಾದ್ದರಿಂದ, ತೋಡಿನ ಪಶ್ಚಿಮದ ಬೈಲನ್ನು ಈ ಪಂಚಾಯತಿನಿಂದ ಕೈಬಿಟ್ಟು ನೆರೆಯ ಪಂಚಾಯತಿಗೆ ಸೇರಿಸಲು...

ನನ್ನ ಸ್ವರ ಅಲ್ಲಿಗೇ ನಿಂತಿತು.

ಯಾಕೆ ನಿಂತಿತೆಂದು ಹೇಳಬೇಕು. ಬೈಲಿನವರಿಗೆ ಶಾಲೆ, ರೇಷನ್, ಬಸ್ಸು, ಮದ್ದು ಕೊಡುವ ಕಂಪೌಂಡರು, ಎಲ್ಲ ತೋಡಿನ ಈಚೆ ನಮ್ಮ ಕಡೆ. ನೆರೆಯ ಪಂಚಾಯತು ಇರುವುದು ಬೈಲಿನ ಹಿಂದಿನ ಗುಡ್ಡೆಯ ಆಚೆ, ಹತ್ತಿ ಇಳಿದು ಬರಲು ಒಂದು ದಿನ ಬೇಕು. ಮಳೆಗಾಲಕ್ಕೆ ಮೊದಲು ಅಡಿಕೆ ಮರ ಜೋಡಿಸಿ ತೋಡಿಗೆ ಹೊಸ ಸಂಕ ಹಾಕುತ್ತಿದ್ದದ್ದು ನಮ್ಮ ಪಂಚಾಯತು. ಬೈಲು ನಮ್ಮದಲ್ಲ ಎಂದಾದರೆ ಸಂಕ ನಾವು ಹಾಕಬೇಕಿಲ್ಲ. ನಮ್ಮ ಊರಿಗೆ ಬರುವ ಸಂಕವನ್ನು ನೆರೆಯವರು ಯಾಕೆ ಹಾಕುತ್ತಾರೆ? ಮಳೆ ಜಡಿಯುವ ಆಟಿ ತಿಂಗಳಲ್ಲಿ ಆ ತೋಡು ಆನೆಯನ್ನೂ ಎಳೆದುಕೊಂಡು ಹೋದೀತು. ಮೂರು ತಿಂಗಳು ಮೂವತ್ತು ಮನೆ, ಮಕ್ಕಳು, ಬಸುರಿಯರು, ಆಚೆಯೇ.

"ನಿಲ್ಲಿಸಿದ್ದು ಯಾಕೆ ಟೀಚರೇ? ಓದಿ."

ಓದಿದೆ. "ಸರ್ವಾನುಮತದಿಂದ ನಿರ್ಣಯಿಸಲಾಯಿತು."

"ಹಾಗೆಂದರೆ?"

"ಎಲ್ಲರೂ ಒಪ್ಪಿದ್ದಾರೆ ಅಂತ."

"ನೀವು?"

ಬೆರಳಿಟ್ಟು ತೋರಿಸಿದೆ. ಅಲ್ಲಿತ್ತು ನನ್ನ ಸಹಿ, ಬಾಲ ತಿರುಗಿಸಿ, ಕೆಳಗೆ ಗೆರೆ ಹಾಕಿ. ಅಕ್ಕ ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಬಚಾವಾಗುತ್ತಿದ್ದೆ. ಅವರು ಆ ಸಹಿಯ ಬಾಲದ ಮೇಲೆ ಬೆರಳಾಡಿಸಿದರು.

"ನಿಮಗೆ ಓದ್ಲಿಕ್ಕೆ ಬರ್ತದೆ. ಹಾಗಾಗಿ ಪಾಪ, ನಿಮಗೆ ಯಾರೂ ಓದಿ ಹೇಳ್ಲಿಲ್ಲ" ಎಂದರು.

ಆ 'ಪಾಪ' ಎನ್ನುವ ಮಾತು ಇದೆಯಲ್ಲ, ಅರವತ್ತು ವರ್ಷ ಹತ್ತಿರವಾಯಿತು, ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ಬೈಲಿನವರ ತಕರಾರು ಬೆಳ್ತಂಗಡಿಯ ತಾಲೂಕು ಆಫೀಸಿಗೆ ಹೋಯಿತು, ವಿಚಾರಣೆಗೆ ಆಫೀಸರು ಬಂದರು. ಅಂದು ನಾನು ಮೊದಲ ಸಲ ಪಂಚಾಯತು ಮೀಟಿಂಗಿಗೆ ಹೋದೆ. ಅಂಗಳದಲ್ಲಿ ಇಡೀ ಬೈಲು ಕೂತಿತ್ತು. ಅಕ್ಕ ಮೊರವಿಲ್ಲದೆ ಬಂದಿದ್ದರು. ಎದುರಿಗೆ ಕೂತದ್ದು ಅವರ ಧಣಿ. ಆ ಕಾಲದಲ್ಲಿ ಧಣಿ ಮುನಿದರೆ ಒಕ್ಕಲಿನ ಗತಿ ಏನಾಗುತ್ತಿತ್ತು ಎಂದು ಕಂಡವರಿಗೆ ಮಾತ್ರ ಅವರ ಗುಂಡಿಗೆ ಎಷ್ಟು ಗಟ್ಟಿ ಎಂದು ಅರ್ಥವಾದೀತು.

ಆಫೀಸರು ಮೇಜಿನ ಮೇಲೆ ನಕ್ಷೆ ಹರಡಿ, "ನೋಡಿ, ತೋಡೇ ಸಹಜವಾದ ಗಡಿ. ಬೈಲು ಆಚೆ ಊರಿಗೆ ತಾಗಿಕೊಂಡೇ ಇದೆ" ಎಂದರು.

ಅಕ್ಕ ಎದ್ದು ಬಂದು ಬಗ್ಗಿ ನೋಡಿದರು. "ಇದರಲ್ಲಿ ಗುಡ್ಡೆ ಎಲ್ಲಿ ಉಂಟು ಸ್ವಾಮಿ?"

"ಗುಡ್ಡೆಯನ್ನು ಇದರಲ್ಲಿ ತೋರಿಸಿಲ್ಲ."

"ತೋರಿಸದಿದ್ರೆ ನಾವು ಹತ್ತುವುದು ಬೇಡ್ವಾ?"

ಅಂಗಳ ಗೊಳ್ಳೆಂದು ನಕ್ಕಿತು. ಆಫೀಸರೂ ನಕ್ಕರು, ಆದರೆ ಪುಸ್ತಕ ಎತ್ತಿಕೊಂಡರು. "ಆದರೂ ಅಮ್ಮ, ಮೆಂಬರುಗಳೆಲ್ಲ ಒಪ್ಪಿ ಸಹಿ ಹಾಕಿದ್ದಾರಲ್ಲ. ಟೀಚರಾಗಿದ್ದವರ ಸಹಿಯೂ ಇದೆ. ಅವರೂ ಓದಿಯೇ ಹಾಕಿರಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಬೈಲು ಹೋಗುತ್ತಿತ್ತು. ಎದ್ದು ನಿಂತೆ.

"ನಾನು ಓದ್ಲಿಲ್ಲ. ಓದದೆ ಸಹಿ ಹಾಕಿದ್ದೇನೆ. ಇದೊಂದಕ್ಕೇ ಅಲ್ಲ, ಇಷ್ಟರವರೆಗೆ ಎಲ್ಲದಕ್ಕೂ."

"ಅಯ್ಯೋ ಟೀಚರಮ್ಮ!" ಎಂದು ಅಂಗಳದಿಂದ ಯಾರೋ ಅಂದರು. ನನ್ನ ಕಣ್ಣಲ್ಲಿ ನೀರು ತುಂಬಿತು. ಆಗ ಛೇರ್ಮನ್ನರು ಗಂಟಲು ಸರಿಮಾಡಿಕೊಂಡರು. ಈಗ ಬೈಯುತ್ತಾರೆ ಎಂದುಕೊಂಡೆ.

"ಸ್ವಾಮಿ, ಸತ್ಯ ಹೇಳುವುದಾದ್ರೆ ನಾನೂ ಪೂರ್ತಿ ಓದ್ಲಿಲ್ಲ. ಮೇಲಿನಿಂದಲೇ ನಕ್ಷೆ ನೋಡಿ ಬರೆದು ಕಳಿಸಿದ್ದು ಅಂತ ಸೆಕ್ರೆಟರಿ ಹೇಳಿದ್ರು, ಸರಿ ಇರಬಹುದು ಅಂತ ಗ್ರಹಿಸಿದೆ."

ಅವರ ಪಕ್ಕದ ಮೆಂಬರು, "ಛೇರ್ಮನ್ನರು ಹಾಕಿದ್ದಾರೆ ಅಂತ ನಾನು ಹಾಕಿದ್ದು" ಎಂದರು. ಅವರ ಪಕ್ಕದವರು ನೆಲ ನೋಡಿದರು. ಆಫೀಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಾಗಾದರೆ ಇದರಲ್ಲಿ ಎಂತ ಬರೆದಿದೆ ಅಂತ ತಿಳಿದವರು ಓದು ಬಾರದ ಈ ಅಮ್ಮ ಒಬ್ಬರೇಯಾ?" ಎಂದು ಕೇಳಿದರು.

ಠರಾವು ರದ್ದಾಯಿತು, ಬೈಲು ನಮ್ಮಲ್ಲೇ ಉಳಿಯಿತು. ಆ ವರ್ಷದ ಸಂಕಕ್ಕೆ ಮರ ಛೇರ್ಮನ್ನರ ತೋಟದಿಂದಲೇ ಬಂತು. ಒಕ್ಕಲಿನ ಮೇಲೆ ಅವರು ಹಗೆ ಸಾಧಿಸಲಿಲ್ಲ, ಅಕ್ಕ ಗುಡ್ಡೆ ಕೇಳಿದ ಕಥೆಯನ್ನು ನೆಂಟರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು. ದೊಡ್ಡ ಮನುಷ್ಯ. ಅವರ ಮೇಲಿನ ನನ್ನ ಗೌರವ ಅಂದಿನಿಂದ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ಒಂದು ಮಧ್ಯಾಹ್ನ ಸ್ಲೇಟು, ಕಡ್ಡಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. "ನಿಮಗೆ ಓದುಬರಹ ಕಲಿಸ್ತೇನೆ ಅಕ್ಕ. ಎರಡು ತಿಂಗಳಲ್ಲಿ ಸಹಿ ಹಾಕ್ತೀರಿ ನೋಡಿ."

ಅಕ್ಕ ಬೀಡಿಯ ಬಾಯಿ ಮಡಚುತ್ತಾ, "ಬೇಡ ಟೀಚರೇ. ನನಗೆ ಸಹಿ ಬಂದ್ರೆ ಅವರು ಓದುವುದು ನಿಲ್ಲಿಸ್ತಾರೆ. ಅಂಗಳದಲ್ಲಿ ಕೂತವರು ಮತ್ತೆ ಎಂತ ಮಾಡುವುದು?" ಎಂದರು. ಕುಡಿಯಲು ಮಜ್ಜಿಗೆ ಕೊಟ್ಟು ನನ್ನನ್ನೂ ಸ್ಲೇಟನ್ನೂ ಕಳುಹಿಸಿದರು.

ಮುಂದಿನ ಚುನಾವಣೆಗೆ ಅಕ್ಕ ನಿಲ್ಲಲಿಲ್ಲ, ಮೊಣಕಾಲು ನೋವು. ನಾನು ಪುನಃ ಗೆದ್ದೆ. ಅಕ್ಕನ ಜಾಗಕ್ಕೆ ಬಂದ ಹುಡುಗಿ ಎಂಟನೇ ಕ್ಲಾಸು ಓದಿದವಳು. ಹೊಸ ಪಂಚಾಯತಿನಲ್ಲಿ ಹೆಬ್ಬೆಟ್ಟಿನವರು ಒಬ್ಬರೂ ಇರಲಿಲ್ಲ. ಮೊದಲ ಮೀಟಿಂಗು ಮುಗಿಯಿತು, ಪುಸ್ತಕ ಕೈಯಿಂದ ಕೈಗೆ ಬರತೊಡಗಿತು, ಸರಸರ ಸಹಿ. ಓದುವ ಸುದ್ದಿಯೇ ಇಲ್ಲ. ಹೊರಗೆ ನೋಡಿದೆ. ಅಂಗಳದಲ್ಲಿ ಹತ್ತು ಹದಿನೈದು ಜನ ಸಕ್ಕರೆ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಅವರ ನಡುವೆ ಮೊರ ಇಟ್ಟುಕೊಂಡು ಅಕ್ಕ.

ಪುಸ್ತಕ ನನ್ನ ಮುಂದೆ ಬಂತು. ಸೆಕ್ರೆಟರಿ ಪೆನ್ನು ಚಾಚಿದರು.

"ಪೆನ್ನು ಬೇಡ. ಶಾಯಿಯ ಪ್ಯಾಡು ಕೊಡಿ" ಎಂದೆ.

"ಯಾರಿಗೆ?"

"ನನಗೆ. ಇನ್ನು ಮೇಲೆ ನನ್ನದು ಹೆಬ್ಬೆಟ್ಟು."

ಸೆಕ್ರೆಟರಿ ನನ್ನ ಮುಖ ನೋಡಿದರು, ಹೊಸ ಛೇರ್ಮನ್ನರ ಮುಖ ನೋಡಿದರು. ನಾನು ಹೆಬ್ಬೆಟ್ಟನ್ನು ನೀಲಿ ಶಾಯಿಗೆ ಅದ್ದಿ, ಒತ್ತದೆ, ಎತ್ತಿ ಹಿಡಿದು ಕೂತೆ. ಕೊನೆಗೆ ಅವರು ಪುಸ್ತಕ ತೆಗೆದುಕೊಂಡು ಎದ್ದು ನಿಂತು, ಮೊದಲನೆಯ ಠರಾವನ್ನು ಗಂಟಲಲ್ಲೇ ಓದಲು ಶುರುಮಾಡಿದರು.

ಅಂಗಳದಲ್ಲಿ ಕತ್ತರಿಯ ಸದ್ದು ನಿಂತಿತು.

"ಗಟ್ಟಿಯಾಗಿ ಓದಿ ಮಾರಾಯ್ರೆ" ಎಂದರು ಅಕ್ಕ. "ಇಲ್ಲಿಗೆ ಕೇಳುವುದಿಲ್ಲ."