ರಾಮವ್ವನ ಶೇಂಗಾ ಹಿಂಡಿ

ದೇವಣಗಾಂವದಲ್ಲಿ ರಾಮವ್ವನ ಶೇಂಗಾ ಹಿಂಡಿ ಎಂದರೆ ಬಾಯಲ್ಲಿ ನೀರೂರದವರಿಲ್ಲ. ಶೇಂಗಾ, ಬೆಳ್ಳುಳ್ಳಿ, ಖಾರ ಸೇರಿಸಿ ಎಣ್ಣೆ ಜಿನುಗುವ ತನಕ ಕುಟ್ಟುವವಳು ಅವಳು. ಸಿಂದಗಿ ಸಂತೆಗೆ ಒಯ್ಯುವ ಮೊದಲೇ ಮೊಮ್ಮಗಳು ಸುನೀತಾಳಿಗೆ ಒಂದು ಡಬ್ಬಿ ತೆಗೆದಿಡುತ್ತಿದ್ದಳು.

ಆ ಹುಡುಗಿಯ ಮೊಣಕೈ, ಮೊಣಕಾಲ ಮೇಲೆ ಹಳದಿ ಗಂಟುಗಳೆದ್ದಾಗ ಡಾಕ್ಟರೊಬ್ಬರು ರಕ್ತ ಪರೀಕ್ಷೆ ಮಾಡಿಸಿ, "ಕೊಬ್ಬು ಏರೈತಿ. ತುಪ್ಪ, ಬೆಣ್ಣಿ, ತತ್ತಿ ಬಂದ್ ಮಾಡ್ರಿ" ಎಂದರು. ರಾಮವ್ವ ಚಾಚೂ ತಪ್ಪದೆ ಪಾಲಿಸಿದಳು. ತುಪ್ಪ ತಪ್ಪಿದ ಕೂಸು ಸೊರಗಬಾರದೆಂದು ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೇಲಿಷ್ಟು ಕುಸುಬಿ ಎಣ್ಣೆ ಹೆಚ್ಚಿಸಿದಳು. ಹೊಲದಲ್ಲಿ ಬೆಳೆದದ್ದು ಮೈಗೆ ಕೆಡುಕು ಮಾಡುತ್ತದೆ ಎಂದು ಯಾರಾದರೂ ಅಂದಿದ್ದರೆ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಬೇಡವೆಂದವಳು ಸುನೀತಾ ಒಬ್ಬಳೇ. "ಒಲ್ಲೆ ಆಯಿ, ಸಾಕಾಗೈತಿ" ಎಂದು ತಟ್ಟೆ ಸರಿಸುತ್ತಿದ್ದಳು.

"ಒಲ್ಲೆ ಅನಬಾರ್ದು. ಸುಮ್ನ ತಿನ್ನು, ಶಕ್ತಿ ಬರ್ತೈತಿ!"

ವರ್ಷ ಕಳೆಯುವಷ್ಟರಲ್ಲಿ ಗಂಟುಗಳು ಹಿಮ್ಮಡಿಯ ಮೇಲೂ ಎದ್ದವು. ಓಡಿದರೆ ಹುಡುಗಿಗೆ ಎದೆ ಹಿಡಿಯತೊಡಗಿತು.

ವಿಜಯಪುರದ ಡಾಕ್ಟರು ಜಯಮಾಲಾ ಬೇರೆ ಪರೀಕ್ಷೆಗಳನ್ನು ಮಾಡಿಸಿ, ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು. "ಅವ್ವಾರ, ಕರುಳಿನ ಒಂದೊಂದು ಜೀವಕೋಶಕ್ಕೂ ತೆಳ್ಳನ ಪೊರಿ ಇರತೈತಿ. ಕಾಳು-ಎಣ್ಣಿಯೊಳಗಿನ ಒಂಥರಾ ಜಿಡ್ಡು ಒಳಗ ಬಂದ್ರ, ಆ ಪೊರಿಯೊಳಗಿನ ಪ್ರೋಟೀನು ಅದನ್ನ ಹೊರಗ ದಾಟಸತೈತಿ. ಈ ಕೂಸಿಗೆ ಆ ಪ್ರೋಟೀನು ಹುಟ್ಟಿನಿಂದನ ಕೆಲಸ ಮಾಡೂದಿಲ್ಲ. ಹೊರಗ ಹೋಗಬೇಕಾದ ಜಿಡ್ಡು ರಕ್ತಕ್ಕ ಸೇರೇತಿ. ಗುಳಿಗಿ ಕೊಡ್ತೇನಿ, ಗಂಟು ಕರಗ್ತಾವು. ಆದ್ರ ಶೇಂಗಾ, ಅಗಸಿ, ಎಳ್ಳು ಮುಟ್ಟಸಬ್ಯಾಡ್ರಿ. ಎಣ್ಣಿ ಹನಿಯಷ್ಟ ಸಾಕು."

ರಾಮವ್ವನ ಮುಖ ನೋಡಿ, "ನಿಮಗೇನು ಗೊತ್ತಿತ್ತು, ನಿಮ್ಮ ತಪ್ಪಲ್ರಿ" ಎಂದೂ ಅಂದರು.

ಆ ಮಾತು ಅವಳಿಗೆ ಸಮಾಧಾನ ತರಲಿಲ್ಲ. ರೋಗ ಗೊತ್ತಿರಲಿಲ್ಲ, ಖರೆ. ಆದರೆ ಕೂಸು ಒಲ್ಲೆ ಅಂದದ್ದು ಕಿವಿಗೆ ಬಿದ್ದಿತ್ತಲ್ಲ! ತನ್ನ ಕೈಯಾರೆ ಬಡಿಸಿದೆನಲ್ಲ ಎಂದು ಒಳಗೊಳಗೇ ಬೆಂದಳು.

ಅಂದಿನಿಂದ ಮನೆಯಲ್ಲಿ ಕುಟ್ಟುವುದು ನಿಂತಿತು. ಹಿಂಡಿಯಿಲ್ಲದೆ ತುತ್ತು ಇಳಿಯದ ರಾಮವ್ವ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿಂದು ಬಡಕಲಾದಳು. ಅತ್ತ ಸುನೀತಾಳ ಗಂಟುಗಳು ಕರಗುತ್ತ ಬಂದವು.

ಒಂದು ಮಧ್ಯಾಹ್ನ ಹುಡುಗಿ ನೆರೆಮನೆಯ ಗುಂಡವ್ವನ ಹತ್ತಿರ ಒಂದಿಷ್ಟು ಹಿಂಡಿ ಕೇಳಿ ತಂದು, ಅಜ್ಜಿಯ ತಟ್ಟೆಗೆ ಹಾಕಲು ಬಾಗಿದಳು.

"ನಿನಗ ಇದು ಸೇರತೈತಿ ಅಲಾ ಆಯಿ?"

"ಒಲ್ಲೆವ್ವಾ" ಎಂದಳು ರಾಮವ್ವ.

ಸುನೀತಾ ಒಂದೇ ಮಾತಿಗೆ ಕೈ ಹಿಂದೆ ತೆಗೆದಳು. "ಒಲ್ಲೆ ಅಂದ್ರ ಬ್ಯಾಡ ಬಿಡು."

ರಾಮವ್ವನಿಗೆ ಅಳು ಒತ್ತರಿಸಿ ಬಂತು. ತಾನು ಮಾಡಬೇಕಾಗಿದ್ದದ್ದೂ ಅಷ್ಟೇ.