ಶ್ಯಾಮಲಾ ಪಿಕಪ್ಪಿಗೆ ಸೈಲೆನ್ಸರ್ ಆರಿಸಿದ್ದು

ಹೊಸನಗರದ ಕಡೆ ಶ್ಯಾಮಲಾಳ ಪಿಕಪ್ ಗೊತ್ತಿಲ್ಲದವರು ಕಡಿಮೆ. ಗೊಬ್ಬರ, ಕರು, ಮದುವೆ ಮನೆಯ ಪಾತ್ರೆ, ಯಾವುದಕ್ಕೆ ಕರೆದರೂ ಬರುತ್ತಾಳೆ. ಬೇರೆಯವರು ಕಟ್ಟಿದ ಹಗ್ಗವನ್ನು ತಾನೊಮ್ಮೆ ಜಗ್ಗಿ ನೋಡದೆ ಗಾಡಿ ಹತ್ತುವವಳಲ್ಲ. ನಾಲಿಗೆ ಮಾತ್ರ ಸ್ವಲ್ಪ ಚುರುಕು.

ನನ್ನ ಜೇನುಪೆಟ್ಟಿಗೆ ಸಾಗಿಸುವವಳೂ ಅವಳೇ. ನಮ್ಮವರು ಹೋದ ಮೇಲೆ ಅವುಗಳನ್ನು ನಾನೇ ನೋಡಿಕೊಂಡು ಬಂದಿದ್ದೇನೆ. ಮಳೆಗಾಲದಲ್ಲಿ ನಮ್ಮಲ್ಲಿ ಹೂವಿಲ್ಲ, ಹುಳ ಉಪವಾಸ ಬೀಳುತ್ತವೆ. ಅದಕ್ಕೆ ಸಾಗರ ಪೇಟೆಯಾಚೆ ಮಳೆ ಕಡಿಮೆ ಇರುವ ಕಡೆ ಇಟ್ಟಿರುತ್ತೇನೆ. ಕಾಡು ಹೂ ಬಿಡುವ ಹೊತ್ತಿಗೆ ನಮ್ಮೂರು ಹುಲಿಕಲ್ಲಿಗೆ ತರಬೇಕು. ಹಿಂದಿನ ಸಂಜೆ ಹುಳವೆಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ಬೆಳಗಿನ ತಂಪಿನಲ್ಲಿ ಹೊರಡುವುದು ಪದ್ಧತಿ.

ಹೋದ ವರ್ಷ ಅರ್ಧದಷ್ಟನ್ನು ಮೊದಲು ತಂದೆವು. ಗಾಡಿಯ ಹಿಂದಿನ ಮೂಲೆಯಲ್ಲಿದ್ದ ಪೆಟ್ಟಿಗೆಗಳನ್ನು ತೆರೆದರೆ ಹುಳ ತಳದಲ್ಲಿ ರಾಶಿ ಬಿದ್ದಿದ್ದವು. ರಾಣಿಗಳೂ ಸತ್ತಿದ್ದವು. ಸೆಕೆಗೆ ಸತ್ತಿರಬೇಕು ಎಂದುಕೊಂಡೆ. ಶ್ಯಾಮಲಾ ಆ ಮೂಲೆಯನ್ನೊಮ್ಮೆ ಬಗ್ಗಿ ನೋಡಿ ಹೋದಳು. ಮಾರನೆಯ ದಿನ ಬಂದಳು. ಬೆನ್ನೆಲ್ಲ ಮಣ್ಣು, ಕೈತುಂಬ ಮಸಿ.

"ಅಮ್ಮಾ, ಸೆಕೆ ಅಲ್ಲ. ನನ್ನ ಗಾಡಿನೇ ಕೊಂದಿದ್ದು. ಅಡೀಲಿ ಮಲಗಿ ನೋಡ್ದೆ. ಸೈಲೆನ್ಸರ್ ಬಿರುಕು ಬಿಟ್ಟಿದೆ, ಹೊಗೆ ಪೂರಾ ತಳದ ಸಂದೀಲಿ ಮೇಲೆ ಬಂದಿದೆ."

ಅವಳು ಹೇಳದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಪಕ್ಕದ ಮನೆಯ ದುಗ್ಗಪ್ಪ ಅಲ್ಲೇ ಇದ್ದ. "ಶೇಷಕ್ಕ, ಉಳಿದಿದ್ದಕ್ಕೆ ಬೇರೆ ಗಾಡಿ ನೋಡು. ಇಲ್ದಿದ್ರೆ ಖಾಲಿ ಪೆಟ್ಟಿಗೇಲಿ ಕೋಳಿ ಸಾಕ್ಬೇಕಾಗ್ತದೆ" ಎಂದ. ಅವನ ಮಾತು ಸುಳ್ಳಲ್ಲ. ಉಳಿದರ್ಧವೂ ಹೀಗೇ ಹೋದರೆ ನನ್ನ ಜೇನು ಅಲ್ಲಿಗೆ ಮುಗಿದ ಹಾಗೆ.

"ಹೊಸ ಸೈಲೆನ್ಸರ್ ಹಾಕಿಸ್ತೀನಿ, ನೀವೇ ಸಾಗರಕ್ಕೆ ಬಂದು ನೋಡಿ. ಆಮೇಲೆ ಬೇಡ ಅಂದ್ರೆ ಬೇಡ" ಎಂದಳು ಶ್ಯಾಮಲಾ.

ಸಾಗರದಲ್ಲಿ ಸೈಲೆನ್ಸರ್ ಕೆಲಸ ಮಾಡುವವನು ವಿನೋದ. ಥಳಥಳ ಹೊಳೆಯುವ ದಪ್ಪ ಪೈಪೊಂದನ್ನು ಎತ್ತಿ ತೋರಿಸಿದ.

"ಶ್ಯಾಮಲಕ್ಕ, ಇದು ಹಾಕ್ಸಿ. ನೀವು ಘಾಟಿ ಹತ್ತಿದ್ರೆ ಊರಿಗೆಲ್ಲ ಕೇಳುತ್ತೆ."

"ಕೇಳಿದವ್ರು ಆರತಿ ಹಿಡ್ಕೊಂಡು ನಿಂತಿರ್ತಾರಾ? ಸದ್ದು ಮಾಡದೇ ಇರೋದು ಕೊಡೋ."

ಅಂಥವು ಎರಡಿದ್ದವು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಳಗೆ ಏನೋ ಗಿಲಕಿಯಂತೆ ಆಡಿತು. ಅದನ್ನು ಬದಿಗಿಟ್ಟಳು. ಇನ್ನೊಂದು ತೂಕದ್ದು. ಬೆಸೆದ ಗೆರೆಯ ಮೇಲೆ ಅಕ್ಕಿ ಆರಿಸುವವರ ಹಾಗೆ ಹೆಬ್ಬೆರಳು ಆಡಿಸಿ, "ಇದು" ಎಂದಳು.

ವಿನೋದ ಪೈಪನ್ನು ಗಾಡಿಯ ಚೌಕಟ್ಟಿಗೇ ವೆಲ್ಡಿಂಗ್ ಮಾಡಲು ಹೊರಟ.

"ಬೆಸೀಬೇಡ. ನಡುಕ ಎಲ್ಲ ಮೇಲೆ ಬರುತ್ತೆ. ರಬ್ಬರ್ ಕೊಂಡಿಲಿ ತೂಗು ಹಾಕು."

"ಬೆಸೆದ್ರೆ ಗಟ್ಟಿ ಅಕ್ಕ."

"ಗಟ್ಟಿ ನಂಗೆ. ಹುಳಕ್ಕೆ?"

ಕೂರಿಸಿದ ಮೇಲೆ ಎಂಜಿನ್ ಚಾಲೂ ಮಾಡಿಸಿ, ಒದ್ದೆ ಗೋಣಿಯಿಂದ ಪೈಪಿನ ಬಾಯನ್ನು ಒಂದು ಗಳಿಗೆ ಒತ್ತಿ ಹಿಡಿದಳು. ಒಂದು ಜೋಡಣೆಯಲ್ಲಿ ಹೊಗೆ ಸೋರಿ ಸುಸ್ ಎಂದಿತು. ಅದನ್ನು ಬಿಗಿ ಮಾಡಿಸಿದಳು. ಇನ್ನು ಮುಗಿಯಿತು ಎಂದುಕೊಂಡರೆ, ಅವಳು ಹಿಂದೆ ಹತ್ತಿ, ನನ್ನ ಹುಳ ಸತ್ತ ಮೂಲೆಯಲ್ಲೇ ಟಾರ್ಪಾಲು ಹೊದ್ದು ಮಲಗಿಬಿಟ್ಟಳು!

"ವಿನೋದ, ನೀನು ಹೊಡಿ. ಆ ಏರು ಹತ್ತಿಸು, ನಿಧಾನ."

ನಾನು ಮುಂದೆ ಕುಳಿತೆ. ಏರು ಹತ್ತಿ ನಿಂತಾಗ ಅವಳು ಕೆಮ್ಮುತ್ತ ಇಳಿದಳು. ಪೈಪಿನ ತುದಿ ಗಾಡಿಯ ಅಡಿಯಲ್ಲೇ ನಿಂತಿತ್ತು. ಹೊಗೆ ಅಲ್ಲೇ ಸುತ್ತಿ ಮೇಲಕ್ಕೆ ಬರುತ್ತಿತ್ತು.

"ಅಷ್ಟು ಎಲ್ರ ಗಾಡಿಲೂ ಬರುತ್ತೆ ಅಕ್ಕ. ಅಲ್ಲಿ ಯಾರು ಮಲಗ್ತಾರೆ?"

"ಅಮ್ಮನ ಹುಳ ಮಲಗ್ತವೆ."

ವಿನೋದ ಗೊಣಗುತ್ತಲೇ ಇನ್ನೊಂದು ತುಂಡು ಸೇರಿಸಿ, ಬಾಗಿಸಿ, ತುದಿಯನ್ನು ಗಾಡಿಯ ಅಂಚು ದಾಟಿಸಿ ಹೊರಗೆ ತಂದ. ಅವಳು ಮತ್ತೆ ಮಲಗಿದಳು. ಈ ಸಲ ಇಳಿದಾಗ ತಲೆತುಂಬ ಕೆಂಪು ಧೂಳು, ಕೆಮ್ಮು ಇಲ್ಲ.

"ಇನ್ನೊಂದು ರೌಂಡ್ ಹೋದ್ರೆ ನೀವೇ ಜೇನು ಕೊಡ್ತೀರಿ" ಎಂದ ವಿನೋದ.

"ಮೊದ್ಲು ನಿಂಗೇ ಕಚ್ಚೋದು."

ನನಗೆ ಇನ್ನೇನೂ ನೋಡಬೇಕಾಗಿರಲಿಲ್ಲ. "ಪೆಟ್ಟಿಗೆ ನಿನ್ನ ಗಾಡೀಲೇ ಬರ್ಲಿ ಮಗಾ" ಎಂದೆ.

ಹೊರಡುವ ಬೆಳಿಗ್ಗೆ ಒಗೆದ ಬಿಳಿ ಬಟ್ಟೆಯೊಂದನ್ನು ನನ್ನಿಂದ ಕೇಳಿ ಪಡೆದು, ಆ ಮೂಲೆಯ ಪೆಟ್ಟಿಗೆಗಳ ಮೇಲೆ ತೆಳುವಾಗಿ ಹರಡಿ ಕಟ್ಟಿದಳು. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಪೆಟ್ಟಿಗೆಗೆ ಕಿವಿಯಿಟ್ಟಳು.

ಹುಲಿಕಲ್ಲಿನಲ್ಲಿ ಒಂದೊಂದೇ ಜಾಲರಿ ತೆಗೆದೆ. ಹುಳ ಹೊರಬಂದವು. ಮೂಲೆಯ ಕೊನೆಯ ಪೆಟ್ಟಿಗೆಯಿಂದ ಮಾತ್ರ ಒಂದೂ ಬರಲಿಲ್ಲ. ಶ್ಯಾಮಲಾ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ಬಾಗಿಲಿಗೆ ಕಿವಿ ಕೊಟ್ಟಳು. ಇಳಿಸಲು ಬಂದಿದ್ದ ದುಗ್ಗಪ್ಪನೂ ಹತ್ತಿರ ಬಂದು ಬಗ್ಗಿ ನೋಡಿದ. ತುಸು ಹೊತ್ತಿಗೆ ಒಂದು ಹುಳ ಬಾಗಿಲಿಗೆ ಬಂತು. ಮುಂಗಾಲಿನಿಂದ ಮುಖ ಉಜ್ಜಿಕೊಂಡು ಹಾರಿತು. ಹಿಂದೆಯೇ ಇನ್ನೊಂದು, ಆಮೇಲೆ ಸಾಲು ಸಾಲು.

ಶ್ಯಾಮಲಾ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು. ರಸ್ತೆಯ ಧೂಳಿತ್ತು, ಮಸಿ ಇರಲಿಲ್ಲ. ಮಡಚಿ ನನ್ನ ಕೈಗೆ ಕೊಟ್ಟಳು.

ಆ ಬಟ್ಟೆಯನ್ನೇ ಒಗೆದು ಆ ವರ್ಷದ ಜೇನು ಸೋಸಿದೆ. ಮೊದಲ ಬಾಟಲಿಯನ್ನು ಅವಳಿಗೆ ಒಯ್ದುಕೊಟ್ಟೆ. ನೆಕ್ಕಿ ನೋಡುತ್ತಾಳೆ ಎಂದುಕೊಂಡರೆ, ಮುಚ್ಚಳ ತೆಗೆದು ಮೊದಲು ಮೂಸಿದಳು.

"ಹೊಗೆ ವಾಸ್ನೆ ಇಲ್ಲ ಅಮ್ಮಾ" ಎಂದಳು. ಆಮೇಲೆ ಬೆರಳು ಅದ್ದಿದಳು.